ಶೇಂಗಾ ಆಗದ ಮಗುವಿಗೆ ತೊಗರಿಬೇಳೆಯನ್ನೂ ನಿಲ್ಲಿಸಬೇಕೇ?

ಪ್ರಶ್ನೆ: ನಮ್ಮ ಮಗನಿಗೆ ನಾಲ್ಕು ವರ್ಷ, ತೂಕ 15 ಕೆಜಿ. ಮೂರು ವಾರದ ಹಿಂದೆ ಶೇಂಗಾ ಚಿಕ್ಕಿ ತಿಂದು ಹತ್ತು ನಿಮಿಷದೊಳಗೆ ಮೈತುಂಬ ಪಿತ್ತದ ಗಂಧೆ ಎದ್ದು, ತುಟಿ ಊದಿ, ಎರಡು ಸಲ ವಾಂತಿ ಮಾಡಿಕೊಂಡ. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟ ಮೇಲೆ ಸರಿಹೋಯಿತು. ಆಮೇಲೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಶೇಂಗಾ 22, ಕಡಲೆ 1.9, ಸೋಯಾ 1.4, ಬಟಾಣಿ 1.1, ತೊಗರಿ 0.8, ಹೆಸರು 0.6 ಎಂದು ಬಂದಿದೆ. ಎಲ್ಲದರ ಮುಂದೆಯೂ ಪಾಸಿಟಿವ್ ಎಂದೇ ಬರೆದಿದೆ. ಬೇಳೆಕಾಳು ಎಲ್ಲ ನಿಲ್ಲಿಸಿ ಎಂದರು, ಒಂದು ವಾರದಿಂದ ನಿಲ್ಲಿಸಿದ್ದೇವೆ. ಆದರೆ ಅವನು ವರ್ಷದ ಕೂಸಾಗಿದ್ದಾಗಿನಿಂದ ದಿನಾ ತೊಗರಿಬೇಳೆ ಸಾರು ಉಂಡವನು, ಹೆಸರುಬೇಳೆ, ಬಟಾಣಿ ಕೂಡ ಆಗಾಗ ತಿಂದಿದ್ದಾನೆ. ಒಮ್ಮೆ ಮಿರ್ಚಿ ಬಜ್ಜಿ ತಿಂದಾಗ ಮಾತ್ರ ಬಾಯಿ ಸುತ್ತ ಕೆಂಪಾಗಿತ್ತು. ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿದರೆ ಅಲರ್ಜಿ ಹೋಗುವುದಿಲ್ಲವೇ? ಬೇಳೆ ಬಿಟ್ಟು ಕಟ್ಟು ಮಾತ್ರ ಕೊಡಬಹುದೇ? ಐದು ತಿಂಗಳ ಮಗಳಿದ್ದಾಳೆ, ಅವಳ ವಿಷಯದಲ್ಲಿ ಏನು ಮಾಡಬೇಕು? (ಹಾವೇರಿ ಜಿಲ್ಲೆಯ ಒಬ್ಬ ತಾಯಿ)

ಉತ್ತರ: ಶೇಂಗಾ ಪೂರ್ತಿ ನಿಲ್ಲಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ತೊಗರಿ, ಹೆಸರು, ಬಟಾಣಿಯನ್ನು ಮಾತ್ರ ಆ ಕಾಗದ ನೋಡಿ ನಿಲ್ಲಿಸಬಾರದಿತ್ತು. ಮೂರು ವರ್ಷ ಉಂಡು ಏನೂ ಆಗಿಲ್ಲ ಎನ್ನುವುದು ಲ್ಯಾಬಿನ ಯಾವ ಅಂಕಿಗಿಂತಲೂ ಗಟ್ಟಿ ಪುರಾವೆ. ಕಡಲೆಯದು ನಡುವಿನ ಸಂಗತಿ, ಅದನ್ನು ಪರೀಕ್ಷಿಸಿಯೇ ತೀರ್ಮಾನಿಸಬೇಕು. ಸೋಯಾ ಅವನು ಇದುವರೆಗೆ ತಿಂದಿಲ್ಲವಾದರೆ ಅದೂ ಕಡಲೆಯ ಸಾಲಿಗೇ ಸೇರುತ್ತದೆ. ಈ ಉತ್ತರವನ್ನು ನಿಮ್ಮ ಮಕ್ಕಳ ವೈದ್ಯರಿಗೋ ಅಲರ್ಜಿ ತಜ್ಞರಿಗೋ ತೋರಿಸಿ, ಅವರ ಜೊತೆ ಮಾತಾಡಿಯೇ ಮುಂದಿನ ಹೆಜ್ಜೆ ಇಡಿ.

ಮೊದಲೊಂದು ಮಾತು ಹೆಸರಿನ ಬಗ್ಗೆ. ನೀವು ಶೇಂಗಾ ಎನ್ನುವುದು ಬೆಂಗಳೂರು, ಮೈಸೂರಿನಲ್ಲಿ ಕಡಲೆಕಾಯಿ, ಕಡಲೆಬೀಜ. ಮಂಗಳೂರಿನ ಕಡೆ ನೆಲಗಡಲೆ. ಬರೀ ಕಡಲೆ ಎಂದರೆ ಬೇರೆಯದೇ ಕಾಳು. ಬೆಂಗಳೂರಿನ ಹೋಟೆಲಿನಲ್ಲಿ ‘ಕಡ್ಲೆ ಆಗಲ್ಲ’ ಎಂದಷ್ಟೇ ಹೇಳಿದರೆ ಹುರಿಗಡಲೆ ಚಟ್ನಿ ತೆಗೆದು ಕಡಲೆಬೀಜದ ಚಟ್ನಿ ತಂದಿಟ್ಟಾರು. ಊರು ದಾಟಿದಾಗ ಶೇಂಗಾ ಮತ್ತು ಕಡಲೆಬೀಜ ಎರಡೂ ಹೆಸರು ಹೇಳಿ. ಸಾಧ್ಯವಾದರೆ ಫೋನಿನಲ್ಲಿ ಚಿತ್ರ ತೋರಿಸಿ.

ಶೇಂಗಾ ನೆಲದೊಳಗೆ ಬೆಳೆದರೂ ಜಾತಿಯಲ್ಲಿ ಅದು ತೊಗರಿ, ಅವರೆ, ಹುರುಳಿಯ ದಾಯಾದಿ. ಗೋಡಂಬಿ, ಬಾದಾಮಿಗೆ ಸಸ್ಯಕುಲದಲ್ಲಿ ಅದರ ಸಂಬಂಧ ದೂರದ್ದು. ಈ ಕುಲದ ಕಾಳುಗಳೆಲ್ಲ ಮರಿಸಸಿಗೆ ಗಿಡ ಕಟ್ಟಿಕೊಟ್ಟ ಬುತ್ತಿ. ಆ ಬುತ್ತಿಯ ಮುಖ್ಯ ಪದಾರ್ಥ ಪ್ರೋಟೀನ್. ನಮ್ಮ ಬೇಳೆಗಳಲ್ಲಿ ತೂಕದ ಶೇ 20ರಿಂದ 25ರಷ್ಟು, ಶೇಂಗಾದಲ್ಲಿ ಶೇ 25ರ ಆಸುಪಾಸು, ಸೋಯಾದಲ್ಲಿ ಶೇ 36ರಿಂದ 40ರಷ್ಟು ಇರುತ್ತದೆ. ತಿಂಗಳುಗಟ್ಟಲೆ ಕೆಡದೆ ಉಳಿಯಬೇಕಾದ ಬುತ್ತಿಯಾದ್ದರಿಂದ ಈ ಪ್ರೋಟೀನುಗಳನ್ನು ಗಿಡ ಒತ್ತಾಗಿ, ಬಿಗಿಯಾಗಿ ಕಟ್ಟಿರುತ್ತದೆ. ಆ ಬಿಗಿಯೇ ಅಲರ್ಜಿಯವರಿಗೆ ಶತ್ರು. ಪ್ರೋಟೀನ್ ಇರುವುದು ಬೇಳೆಯ ತಿರುಳಿನಲ್ಲೇ. ಆದ್ದರಿಂದ ಸಿಪ್ಪೆ ತೆಗೆದರೆ ಅಲರ್ಜಿ ಹೋಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ.

ಬುತ್ತಿಯ ಪ್ರೋಟೀನುಗಳಲ್ಲಿ ಮೂರು ಮನೆತನಗಳನ್ನು ಗುರುತಿಟ್ಟುಕೊಂಡರೆ ಸಾಕು. ಒಂದು ವಿಸಿಲಿನ್, ಮೂರು ತುಂಡು ಕೂಡಿದ ಕಟ್ಟು. ಶೇಂಗಾದ ಅರಾ ಎಚ್ 1, ಮಸೂರದ ಲೆನ್ ಸಿ 1, ಬಟಾಣಿಯ ಪಿಸ್ ಎಸ್ 1, ಸೋಯಾದ ಗ್ಲೈ ಎಂ 5 ಇವೆಲ್ಲ ಇದೇ ಮನೆಯವು. ಎರಡನೆಯದು ಲೆಗ್ಯುಮಿನ್, ಆರು ತುಂಡಿನ ದೊಡ್ಡ ಕಟ್ಟು. ಶೇಂಗಾದ ಅರಾ ಎಚ್ 3, ಸೋಯಾದ ಗ್ಲೈ ಎಂ 6 ಇಲ್ಲಿಗೆ ಸೇರುತ್ತವೆ. ಮೂರನೆಯದು 2ಎಸ್ ಆಲ್ಬುಮಿನ್. ಗಾತ್ರದಲ್ಲಿ ಎಲ್ಲಕ್ಕಿಂತ ಚಿಕ್ಕದು, ಕಾಟದಲ್ಲಿ ದೊಡ್ಡದು. ಶೇಂಗಾದ ಅರಾ ಎಚ್ 2 ಮತ್ತು ಅರಾ ಎಚ್ 6 ಈ ಮನೆತನದವು. ಅವುಗಳ ಒಳಗೆ ಗಂಧಕದ ಪರಮಾಣುಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಹೊಲಿಗೆ ಬಿಗಿದಂತೆ ಹಿಡಿದಿರುತ್ತವೆ. ಒಲೆಯ ಶಾಖಕ್ಕೂ ಜಠರದ ಪೆಪ್ಸಿನ್ ಎಂಬ ಜೀರ್ಣಕಿಣ್ವಕ್ಕೂ ಆ ಹೊಲಿಗೆ ಸುಲಭಕ್ಕೆ ಬಿಚ್ಚುವುದಿಲ್ಲ.

ಬಿಚ್ಚದೆ ಉಳಿದರೆ ಏನಾಗುತ್ತದೆ? ಅಲರ್ಜಿ ಇರುವವರ ದೇಹ ಆ ಪ್ರೋಟೀನಿಗೆಂದೇ ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸಿಟ್ಟುಕೊಂಡಿರುತ್ತದೆ. ಚರ್ಮ, ಗಂಟಲು, ಶ್ವಾಸನಾಳ, ಕರುಳಿನ ಗೋಡೆಗಳಲ್ಲಿ ಮಾಸ್ಟ್ ಕೋಶಗಳಿವೆ. ಐಜಿಇಗಳು ಅವುಗಳ ಮೈಗೆ ಅಂಟಿ ಕಾದು ಕುಳಿತಿರುತ್ತವೆ. ಒಂದೇ ಪ್ರೋಟೀನ್ ತುಣುಕು ಪಕ್ಕಪಕ್ಕದ ಎರಡು ಐಜಿಇಗಳನ್ನು ಒಟ್ಟಿಗೆ ಎಳೆದರೆ ಕೋಶ ಹಿಸ್ಟಮೀನ್ ಮುಂತಾದವನ್ನು ಹೊರಗೆ ಚೆಲ್ಲುತ್ತದೆ. ಗಂಧೆ, ಊತ, ವಾಂತಿ, ಉಬ್ಬಸ, ರಕ್ತದೊತ್ತಡದ ಕುಸಿತ ಎಲ್ಲ ಅದರಿಂದಲೇ. ಒಂದೇ ಐಜಿಇಯನ್ನು ಮುಟ್ಟುವ ಪುಡಿ ತುಣುಕಿನಿಂದ ಈ ಕೆಲಸ ಆಗುವುದಿಲ್ಲ. ಅಂದರೆ ಜೀರ್ಣವಾಗಿ ಚೂರಾದ ಪ್ರೋಟೀನ್ ನಿರುಪದ್ರವಿ, ಗಟ್ಟಿಯಾಗಿ ಉಳಿದದ್ದು ಅಪಾಯಕಾರಿ. ನಿಮ್ಮ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಉತ್ತರ ಈ ಒಂದು ಸಂಗತಿಯಲ್ಲೇ ಇದೆ.

ಹಾಗಾದರೆ ತೊಗರಿಗೆ 0.8 ಬಂದದ್ದು ಏಕೆ? ಶೇಂಗಾದ ವಿಸಿಲಿನ್ನಿಗೆಂದು ತಯಾರಾದ ಐಜಿಇಗೆ ತೊಗರಿಯ ವಿಸಿಲಿನ್ ದೂರದ ನೆಂಟನಂತೆ ಕಾಣುತ್ತದೆ. ಲ್ಯಾಬಿನ ಕೊಳವೆಯಲ್ಲಿ ಒಂದೆರಡು ಕಡೆ ಅಂಟಿಕೊಂಡರೂ ಯಂತ್ರ ಅಂಕಿ ಕೊಡುತ್ತದೆ. ಹೊಟ್ಟೆಯಲ್ಲಿ ಎರಡು ಐಜಿಇಗಳನ್ನು ಗಟ್ಟಿಯಾಗಿ ಎಳೆಯುವಷ್ಟು ಹೋಲಿಕೆ ಇಲ್ಲದಿದ್ದರೆ ಏನೂ ಆಗದು. ಇನ್ನೊಂದು ಕಾರಣ ಸಸ್ಯ ಪ್ರೋಟೀನುಗಳ ಮೇಲಿನ ಸಕ್ಕರೆಯ ಸರಪಣಿಗಳು. ಅವುಗಳಿಗೆ ಅಂಟುವ ಐಜಿಇಯಿಂದ ಕಾಗದದ ಮೇಲೆ ಹತ್ತಾರು ಪದಾರ್ಥ ಪಾಸಿಟಿವ್ ಆಗುತ್ತವೆ, ಮೈಮೇಲೆ ಒಂದು ಗಂಧೆಯೂ ಏಳುವುದಿಲ್ಲ.

ಇದು ನಮ್ಮ ನಾಡಿನಲ್ಲೇ ಅಳೆದು ನೋಡಿದ ಸಂಗತಿ. ಬೆಂಗಳೂರು, ಮೈಸೂರು ಭಾಗದ ವಯಸ್ಕರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಯೂರೋಪ್ರಿವಾಲ್ ಅಧ್ಯಯನದಲ್ಲಿ ಶೇ 26.5 ಜನರಿಗೆ 24 ಆಹಾರಗಳಲ್ಲಿ ಒಂದಕ್ಕಾದರೂ ರಕ್ತಪರೀಕ್ಷೆ ಪಾಸಿಟಿವ್ ಬಂತು. ತಿಂದಾಗ ತೊಂದರೆಯೂ ಆಗುವ, ನಿಜವಾದ ಆಹಾರ ಅಲರ್ಜಿ ಇರಬಹುದು ಎನ್ನಬಹುದಾದವರು ಶೇ 1.2 ಮಾತ್ರ. ಪಾಸಿಟಿವ್ ಬಂದದ್ದನ್ನೆಲ್ಲ ತಟ್ಟೆಯಿಂದ ತೆಗೆಯುತ್ತಾ ಹೋದರೆ ನೂರರಲ್ಲಿ ಇಪ್ಪತ್ತೈದು ಮಂದಿ ಸುಮ್ಮನೆ ಪಥ್ಯ ಮಾಡಬೇಕಾದೀತು.

ನಿಮ್ಮ ಕಾಗದದ ಅಂಕಿಗಳನ್ನು ಹೀಗೆ ಓದಿ. 0.35ಕ್ಕಿಂತ ಹೆಚ್ಚು ಬಂದರೆ ಲ್ಯಾಬು ಪಾಸಿಟಿವ್ ಎಂದು ಬರೆಯುತ್ತದೆ. ಅದರರ್ಥ ಐಜಿಇ ಇದೆ ಎಂದು, ಅಲರ್ಜಿ ಇದೆ ಎಂದಲ್ಲ. ಶೇಂಗಾಕ್ಕೆ ಮಕ್ಕಳಲ್ಲಿ 14–15 ದಾಟಿದರೆ, ತಿಂದಾಗ ತೊಂದರೆಯಾದ ಇತಿಹಾಸವೂ ಇದ್ದರೆ, ಅಲರ್ಜಿ ಖಚಿತ ಎನ್ನಬಹುದು. ನಿಮ್ಮವನದು 22, ಜೊತೆಗೆ ಚಿಕ್ಕಿಯ ಪ್ರಸಂಗ. ಇನ್ನು ಅವನಿಗೆ ಶೇಂಗಾ ತಿನ್ನಿಸಿ ನೋಡುವ ಅಗತ್ಯವೇ ಇಲ್ಲ. ಅಂಕಿ ದೊಡ್ಡದಾದರೆ ಅಲರ್ಜಿ ಇರುವ ಸಾಧ್ಯತೆ ಹೆಚ್ಚು ಎಂದಷ್ಟೇ ಅರ್ಥ. ಮುಂದಿನ ಸಲ ಎಷ್ಟು ಜೋರಾಗಿ ಬರುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ದುಡ್ಡು ಖರ್ಚು ಮಾಡುವುದಾದರೆ ಅರಾ ಎಚ್ 2ರ ಐಜಿಇ ಪರೀಕ್ಷೆ ಮಾಡಿಸಿ, ಶೇಂಗಾದ ಮಟ್ಟಿಗೆ ಎಲ್ಲಕ್ಕಿಂತ ನಂಬಿಕೆಯದು ಅದೇ. ನೂರಾರು ಆಹಾರಗಳನ್ನು ಒಟ್ಟಿಗೆ ನೋಡುವ ಐಜಿಜಿ (ಇದು ಐಜಿಇ ಅಲ್ಲ, ಇನ್ನೊಂದು ಬಗೆಯ ಪ್ರತಿಕಾಯ) ಪರೀಕ್ಷೆಗಳ ಜಾಹೀರಾತು ನೋಡಿ ಮರುಳಾಗಬೇಡಿ. ಐಜಿಜಿ ಹೇಳುವುದು ಆ ಆಹಾರ ತಿಂದಿದ್ದೀರಿ ಎಂಬುದನ್ನು ಮಾತ್ರ.

ಒಂದು ಕಾಳು ಆಗದಿದ್ದರೆ ಇನ್ನೊಂದೂ ಆಗದಿರುವ ಸಂಭವ ಎಷ್ಟು? ಶೇಂಗಾ ಅಲರ್ಜಿಯವರಲ್ಲಿ ಬೇರೆ ಬೇಳೆಕಾಳು ತಿಂದು ನಿಜವಾಗಿ ತೊಂದರೆಗೊಳಗಾಗುವವರು ಸುಮಾರು ಶೇ 5 ಎಂಬ ಲೆಕ್ಕ ಬಹುಕಾಲದಿಂದ ಬಳಕೆಯಲ್ಲಿದೆ. ಪರೀಕ್ಷೆಯಲ್ಲಿ ಪಾಸಿಟಿವ್ ಬರುವವರು ಅದರ ಎಷ್ಟೋ ಪಟ್ಟು. ಆದರೆ ಮಸೂರ, ಕಡಲೆ, ಬಟಾಣಿ ಮೂರರ ನಡುವಿನ ನಂಟು ಗಟ್ಟಿ. ಸ್ಪೇನ್ ದೇಶದಲ್ಲಿ, ಮಕ್ಕಳಿಗೆ ಮಸೂರ ಧಾರಾಳವಾಗಿ ತಿನ್ನಿಸುವ ಕಡೆ, ಒಂದಕ್ಕೆ ಅಲರ್ಜಿಯಾದ ಮಗುವಿಗೆ ಉಳಿದ ಎರಡರಲ್ಲೊಂದು ಆಗದಿರುವುದು ಅಪರೂಪವಲ್ಲ. ಯುರೋಪಿನಲ್ಲಿ ಬ್ರೆಡ್ಡು, ಪಾಸ್ತಾಗಳಿಗೆ ಬೆರೆಸುವ ಲೂಪಿನ್ ಎಂಬ ಕಾಳು ಶೇಂಗಾಕ್ಕೆ ಹತ್ತಿರದ ನೆಂಟ. ಅಲ್ಲಿನ ಲೇಬಲ್ ಕಾನೂನಿನ 14 ಅಲರ್ಜಿಕಾರಕಗಳ ಪಟ್ಟಿಯಲ್ಲಿ ಅದೂ ಇದೆ. ಅಲ್ಲಿರುವ ಕನ್ನಡಿಗರ ಮನೆಯಲ್ಲಿ ಶೇಂಗಾ ಆಗದವರಿದ್ದರೆ ಆ ಹೆಸರನ್ನು ನೆನಪಿಡಲಿ. ನಮ್ಮ ಅಡಿಗೆಮನೆಯಲ್ಲಿ ಶೇಂಗಾದ ನೆಂಟ ಎಂದು ಗಮನಿಸಬೇಕಾದದ್ದು ಮೆಂತ್ಯ. ಸಾಂಬಾರು ಪದಾರ್ಥವೆಂದು ಡಬ್ಬಿಯಲ್ಲಿಟ್ಟರೂ ಅದೂ ಇದೇ ಕುಲದ ಬೀಜ. ನಾರ್ವೆಯಲ್ಲಿ ಮಸಾಲೆಪುಡಿಯ ಮೆಂತ್ಯದಿಂದ ಶೇಂಗಾ ಅಲರ್ಜಿಯವರಿಗೆ ತೊಂದರೆಯಾದದ್ದು ದಾಖಲಾಗಿದೆ. ನಿಮ್ಮ ಮಗ ದೋಸೆ, ಸಾರಿನಪುಡಿಯ ಮೂಲಕ ಮೆಂತ್ಯವನ್ನು ತಿನ್ನುತ್ತಲೇ ಬಂದಿದ್ದರೆ ನಿಲ್ಲಿಸುವುದು ಬೇಡ. ಹೊಸದಾಗಿ ನೆನೆಸಿದ ಮೆಂತ್ಯ, ಮೆಂತ್ಯದ ಹಿಟ್ಟು ಎಂದು ಚಮಚೆಗಟ್ಟಲೆ ಕೊಡುವುದೂ ಬೇಡ.

ತೊಗರಿ, ಹೆಸರನ್ನು ಮತ್ತೆ ಶುರುಮಾಡಲು ತಡಮಾಡಬೇಡಿ ಎನ್ನುವುದಕ್ಕೆ ಒಂದು ಕಾರಣವಿದೆ. ಐಜಿಇ ಇದ್ದೂ ತಿಂದು ಜೀರ್ಣಿಸಿಕೊಳ್ಳುತ್ತಿರುವ ಮಗುವಿಗೆ ಆ ಆಹಾರವನ್ನು ತಿಂಗಳುಗಟ್ಟಲೆ ತಪ್ಪಿಸಿದರೆ ಕೆಲವು ಮಕ್ಕಳಲ್ಲಿ ಆ ಸಹಿಷ್ಣುತೆಯೇ ಕಳೆದುಹೋಗುತ್ತದೆ. ತಿಂದುಕೊಂಡಿದ್ದದ್ದು ಪಥ್ಯದಿಂದಾಗಿಯೇ ನಿಜವಾದ ಅಲರ್ಜಿಯಾಗುತ್ತದೆ. ನಿಮ್ಮದು ಒಂದೇ ವಾರದ ಅಂತರ. ವೈದ್ಯರು ಒಪ್ಪಿದರೆ ಮಗು ಆರೋಗ್ಯವಾಗಿರುವ ದಿನ, ಹಗಲು ಹೊತ್ತಿನಲ್ಲಿ, ಎರಡು ಚಮಚೆ ಸಾರಿನಿಂದ ಶುರುಮಾಡಿ ಎಂದಿನ ಅಳತೆಗೆ ಬನ್ನಿ.

ಕಡಲೆಯ ವಿಷಯ ಬೇರೆ. ಬಜ್ಜಿ ತಿಂದು ಬಾಯಿ ಸುತ್ತ ಕೆಂಪಾದದ್ದು ಮೆಣಸಿನಕಾಯಿಯ ಖಾರಕ್ಕೂ ಇರಬಹುದು, ಅದೇ ಬಾಣಲೆಯಲ್ಲಿ ಮೊದಲು ಕರಿದ ಮಸಾಲೆ ಶೇಂಗಾದ ಚೂರಿಗೂ ಇರಬಹುದು, ಕಡಲೆಹಿಟ್ಟಿಗೂ ಇರಬಹುದು. ಆ ಪ್ರಸಂಗದ ಆಚೆಗೆ ಅವನು ಹೋಳಿಗೆ, ಲಾಡು, ಹುರಿಗಡಲೆ ಚಟ್ನಿ ತಿಂದು ಆರಾಮಾಗಿದ್ದನೇ ಎಂದು ಮನೆಯವರೆಲ್ಲ ಕುಳಿತು ನೆನಪು ಮಾಡಿಕೊಳ್ಳಿ. ಹಲವು ಸಲ ತಿಂದಿದ್ದರೆ ಅನುಮಾನ ಬಹುಪಾಲು ಅಲ್ಲಿಗೇ ಕಳೆಯುತ್ತದೆ. ಇಲ್ಲವಾದರೆ ಸದ್ಯಕ್ಕೆ ನಿಲ್ಲಿಸಿ, ಆಸ್ಪತ್ರೆಯಲ್ಲಿ ತಿನ್ನಿಸಿ ನೋಡುವ ಪರೀಕ್ಷೆಗೆ ದಿನ ಗೊತ್ತುಮಾಡಿ. ಅದಕ್ಕೆ ಮೊದಲು ಚರ್ಮದ ಚುಚ್ಚು ಪರೀಕ್ಷೆ ಮಾಡುವುದುಂಟು. ಬೇಳೆಗಳ ಮಟ್ಟಿಗೆ ಬಾಟಲಿಯ ಸತ್ವಕ್ಕಿಂತ ನೀವೇ ಒಯ್ದ ನೆನೆಸಿದ ಕಡಲೆಗೆ ಚುಚ್ಚಿ ಅದೇ ಸೂಜಿಯಿಂದ ಚರ್ಮಕ್ಕೆ ಚುಚ್ಚುವ ಕ್ರಮ ಹೆಚ್ಚು ಉಪಯೋಗಕ್ಕೆ ಬರುತ್ತದೆ. 15 ನಿಮಿಷಕ್ಕೆ ಫಲಿತಾಂಶ. ಬರೀ ದ್ರವ ಚುಚ್ಚಿದ ಜಾಗಕ್ಕಿಂತ 3 ಮಿಲಿಮೀಟರ್ ದೊಡ್ಡ ಉಬ್ಬು ಎದ್ದರೆ ಪಾಸಿಟಿವ್. ಪರೀಕ್ಷೆಗೆ 5ರಿಂದ 7 ದಿನ ಮೊದಲೇ ಸೆಟಿರಿಜಿನ್‌ನಂಥ ಅಲರ್ಜಿ ಔಷಧ ನಿಲ್ಲಿಸದಿದ್ದರೆ ಉಬ್ಬು ಏಳದೆ ಸುಳ್ಳು ಸಮಾಧಾನ ಸಿಗುತ್ತದೆ. ಕೆಮ್ಮಿನ ಸಿರಪ್ಪುಗಳಲ್ಲೂ ಇಂಥ ಔಷಧ ಬೆರೆತಿರುತ್ತದೆ, ಲೇಬಲ್ ನೋಡಿ.

ತಿನ್ನಿಸುವ ಪರೀಕ್ಷೆಯಲ್ಲಿ ಪ್ರೋಟೀನನ್ನು ಅಳೆದು 3, 10, 30, 100, 300, 1000, 3000 ಮಿಲಿಗ್ರಾಂ ಹೀಗೆ 20 ನಿಮಿಷದ ಅಂತರದಲ್ಲಿ ಏರಿಸುತ್ತಾರೆ. ಕೊನೆಯ ತುತ್ತಿನಲ್ಲಿ ಹೆಚ್ಚುಕಡಿಮೆ 14 ಗ್ರಾಂ ಕಡಲೆಹಿಟ್ಟು ಇರುತ್ತದೆ. ಮುಗಿದ ಮೇಲೂ ಎರಡು ಗಂಟೆ ಕೂರಿಸುತ್ತಾರೆ. ಜ್ವರ, ಉಬ್ಬಸ ಇರುವ ದಿನ ಇದನ್ನು ಮಾಡುವುದಿಲ್ಲ. ಮನೆಯಲ್ಲಿ ಮಾಡಿ ನೋಡುವ ಪ್ರಯೋಗವೂ ಇದಲ್ಲ.

ಈಗ ಕುಕ್ಕರಿಗೆ ಬರೋಣ. ಶಾಖದಿಂದ ಪ್ರೋಟೀನಿನ ಆಕಾರ ಬದಲಾಗುವುದು ನಿಜ. ಆದರೆ ಐಜಿಇ ಎಷ್ಟೋ ಕಡೆ ಆಕಾರವನ್ನಲ್ಲ, ಅಮೈನೋ ಆಮ್ಲಗಳ ಸಾಲನ್ನೇ ಗುರುತಿಸುತ್ತದೆ. ಬಟ್ಟೆ ಮುದುಡಿದರೂ ಅಂಚು ಗುರುತು ಸಿಗುವಂತೆ. ಪ್ರಯೋಗಾಲಯದಲ್ಲಿ ಸುಮಾರು 138 ಡಿಗ್ರಿಯಲ್ಲಿ ಅರ್ಧ ಗಂಟೆ ಒತ್ತಡದ ಆವಿಗೆ ಒಡ್ಡಿದಾಗ ಮಸೂರ, ಕಡಲೆ, ಶೇಂಗಾದ ಐಜಿಇ ಹಿಡಿತ ಸಾಕಷ್ಟು ಇಳಿಯುತ್ತದೆ. ಪೂರ್ತಿ ಹೋಗುವುದಿಲ್ಲ. ಮನೆಯ ಕುಕ್ಕರ್ ತಲುಪುವುದು 120 ಡಿಗ್ರಿಯ ಆಸುಪಾಸು, ಅದೂ ನಾಲ್ಕು ಸೀಟಿಯಷ್ಟು ಹೊತ್ತು. ಅಲರ್ಜಿ ಇರುವವರು ಅದನ್ನು ನಂಬಿ ಉಣ್ಣುವಂತಿಲ್ಲ. ಬೇಳೆ ಬೇಯುವ ಆವಿಯಿಂದಲೇ ಉಬ್ಬಸ ಬಂದ ಪ್ರಕರಣಗಳು ಮಸೂರ, ಕಡಲೆಗಳ ವಿಷಯದಲ್ಲಿ ದಾಖಲಾಗಿವೆ. ಪರೀಕ್ಷೆ ಆಗುವ ತನಕ ಕಡಲೆಬೇಳೆಯ ಕುಕ್ಕರ್ ಸೀಟಿ ಹೊಡೆಯುವಾಗ ಮಗು ಒಲೆಯ ಬಳಿ ನಿಲ್ಲದಿರಲಿ.

ಕಟ್ಟಿನದು ಇನ್ನೂ ತಿರುವುಮುರುವು. ಶೇಂಗಾ, ಬೇಳೆಯನ್ನು ನೀರಿನಲ್ಲಿ ಕುದಿಸಿದಾಗ ಕಾಳಿನ ಅಲರ್ಜಿಶಕ್ತಿ ಕಡಿಮೆಯಾದಂತೆ ಕಾಣುವುದಕ್ಕೆ ಒಂದು ಕಾರಣ, ಪ್ರೋಟೀನಿನಲ್ಲಿ ಒಂದು ಪಾಲು ಕರಗಿ ನೀರಿಗೆ ಇಳಿಯುವುದು. ಚಿಕ್ಕ ಆಲ್ಬುಮಿನ್‌ಗಳು ಬರೀ ನೀರಿನಲ್ಲೇ ಕರಗುತ್ತವೆ. ವಿಸಿಲಿನ್, ಲೆಗ್ಯುಮಿನ್ ಸೇರಿದ ಗ್ಲಾಬ್ಯುಲಿನ್‌ಗಳಿಗೆ ಉಪ್ಪಿನ ನೀರು ಬೇಕು, ಅದನ್ನೂ ನಾವೇ ಹಾಕುತ್ತೇವೆ. ಹಾಗಾಗಿ ಬೇಳೆ ಬಸಿದು ಕಟ್ಟು ಕೊಡುವುದೆಂದರೆ ಕರಗಿದ ಅಲರ್ಜಿಕಾರಕವನ್ನೇ ಲೋಟಕ್ಕೆ ಬಗ್ಗಿಸಿಕೊಟ್ಟಂತೆ. ಕಡಲೆ ನಿಲ್ಲಿಸಿದ್ದೀರಿ ಎಂದಾದರೆ ಹೋಳಿಗೆಯ ಕಟ್ಟಿನ ಸಾರೂ ನಿಂತಿರಬೇಕು. ಅತ್ತ ಪೌಷ್ಟಿಕತೆಯ ಲೆಕ್ಕದಲ್ಲೂ ಕಟ್ಟು ತೆಳು. ಹಸುಗೂಸಿಗೆ ಬೇಳೆ ಕಟ್ಟು ಮಾತ್ರ ಕುಡಿಸುವ ರೂಢಿಯಿಂದ ಹೊಟ್ಟೆ ತುಂಬುತ್ತದೆಯೇ ಹೊರತು ಪ್ರೋಟೀನ್ ಸಾಕಾಗುವುದಿಲ್ಲ.

ಹುರಿಯುವುದು ಇದಕ್ಕೆ ತದ್ವಿರುದ್ಧ. 150ರಿಂದ 170 ಡಿಗ್ರಿಯ ಒಣ ಶಾಖದಲ್ಲಿ ಶೇಂಗಾದ ಸಕ್ಕರೆಯೂ ಪ್ರೋಟೀನೂ ಬೆಸೆದುಕೊಳ್ಳುತ್ತವೆ. ಹುರಿದ ಶೇಂಗಾದ ಕಂದು ಬಣ್ಣ, ಘಮ ಆ ಬೆಸುಗೆಯದೇ. ಹೀಗೆ ಬೆಸೆದ ಅರಾ ಎಚ್ 1, ಅರಾ ಎಚ್ 2 ಜೀರ್ಣರಸಕ್ಕೆ ಇನ್ನಷ್ಟು ಮಣಿಯದಂತಾಗಿ, ಐಜಿಇಯನ್ನು ಮೊದಲಿಗಿಂತ ಬಲವಾಗಿ ಹಿಡಿಯುತ್ತವೆ. ಅಮೆರಿಕದಲ್ಲಿ ಶೇಂಗಾ ಅಲರ್ಜಿ ಹೆಚ್ಚು, ಬೇಯಿಸಿ ಕರಿದು ತಿನ್ನುವ ಚೀನಾದಲ್ಲಿ ಕಡಿಮೆ ಎಂಬುದಕ್ಕೆ ಈ ವಿವರಣೆ ಕೊಡುವವರಿದ್ದಾರೆ. ಹುರಿಯುವುದೊಂದೇ ಕಾರಣವಾಗಿದ್ದರೆ ಧಾರವಾಡ, ಹಾವೇರಿಯ ಅರ್ಧ ಜನ ಶೇಂಗಾ ಚಟ್ನಿಪುಡಿ ಮುಟ್ಟುವಂತಿರಲಿಲ್ಲ. ಮೊಳಕೆ ಕಟ್ಟಿದಾಗ ಸಸಿಯೇ ತನ್ನ ಬುತ್ತಿಯನ್ನು ಒಡೆದುಕೊಳ್ಳುತ್ತದೆ, ಇಡ್ಲಿ ಹಿಟ್ಟು ಹುಳಿಯುವಾಗ ಸೂಕ್ಷ್ಮಾಣುಗಳು ಒಂದಿಷ್ಟು ಒಡೆಯುತ್ತವೆ. ಎರಡರಲ್ಲೂ ಉಳಿಯುವ ಪಾಲು ಅಲರ್ಜಿಗೆ ಸಾಕು.

ಬೇಳೆ ತಿಂದ ಮೇಲಿನ ಎಲ್ಲ ತೊಂದರೆಯೂ ಅಲರ್ಜಿ ಅಲ್ಲ. ಹೊಟ್ಟೆಯುಬ್ಬರ, ವಾಯು ಬರುವುದು ಕಾಳಿನ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳನ್ನು ದೊಡ್ಡ ಕರುಳಿನ ಸೂಕ್ಷ್ಮಾಣುಗಳು ಹುಳಿಸುವುದರಿಂದ. ರಾಜ್ಮಾ ಸರಿಯಾಗಿ ಬೇಯದಿದ್ದರೆ ಅದರ ಲೆಕ್ಟಿನ್ ಎಂಬ ವಿಷದಿಂದ ಒಂದರಿಂದ ಮೂರು ಗಂಟೆಯೊಳಗೆ ಮನೆಮಂದಿಗೆಲ್ಲ ವಾಂತಿಯಾಗುತ್ತದೆ. ಅದನ್ನು ಕನಿಷ್ಠ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಕುದಿಸಬೇಕು. ಕೂಸುಗಳಲ್ಲಿ ಕಾಣುವ ಇನ್ನೊಂದು ಬಗೆಯುಂಟು. ಸೋಯಾದಂಥ ಆಹಾರ ತಿಂದ ಒಂದರಿಂದ ನಾಲ್ಕು ಗಂಟೆಯ ಮೇಲೆ ಬಿಡದೆ ವಾಂತಿಯಾಗಿ ಮಗು ಬಿಳಚಿಕೊಂಡು ಸೊರಗುತ್ತದೆ, ಗಂಧೆ ಏಳುವುದಿಲ್ಲ. ಐಜಿಇ ಪರೀಕ್ಷೆ ಸಾಮಾನ್ಯವಾಗಿ ನೆಗೆಟಿವ್ ಬರುತ್ತದೆ. ಚಿಕಿತ್ಸೆಯೂ ಬೇರೆ, ಮುಖ್ಯವಾಗಿ ಶರೀರಕ್ಕೆ ದ್ರವ ತುಂಬಿಸುವುದು.

ಶೇಂಗಾ ತಪ್ಪಿಸುವುದು ನಿಮ್ಮ ಸೀಮೆಯಲ್ಲಿ ಸುಲಭವಲ್ಲ ಎಂಬುದು ಗೊತ್ತಿರುವ ಮಾತೇ. ಚಿಕ್ಕಿ, ಶೇಂಗಾ ಹೋಳಿಗೆ, ಚಟ್ನಿಪುಡಿ ಕಣ್ಣಿಗೆ ಕಾಣುತ್ತವೆ. ಎಣ್ಣೆಗಾಯಿಯ ಮಸಾಲೆ, ಸಾಬುದಾನಿ ಕಿಚಡಿ, ನಿಪ್ಪಟ್ಟು, ಹೋಟೆಲಿನ ತೆಂಗಿನಕಾಯಿ ಚಟ್ನಿಗೆ ಗಟ್ಟಿ ಬರಲೆಂದು ಹಾಕುವ ಹಿಡಿ ಶೇಂಗಾ, ಗುರೆಳ್ಳು ಪುಡಿ ಕುಟ್ಟುವ ಮೊದಲು ಅದೇ ಯಂತ್ರದಲ್ಲಿ ಕುಟ್ಟಿದ ಶೇಂಗಾ, ಇವು ಕಾಣುವುದಿಲ್ಲ. ಸಿಹಿತಿಂಡಿಯ ಮೇಲೆ ಪಿಸ್ತಾ ಎಂದು ಉದುರಿಸಿದ್ದು ಹಸಿರು ಬಣ್ಣದ ಶೇಂಗಾ ಚೂರೇ ಆಗಿರುವುದುಂಟು. ಪೊಟ್ಟಣದ ತಿಂಡಿಯಾದರೆ ಭಾರತದ 2020ರ ಲೇಬಲ್ ನಿಯಮದಂತೆ ಶೇಂಗಾ, ಸೋಯಾಗಳನ್ನು ಅಲರ್ಜಿಕಾರಕ ಎಂದು ಬರೆಯಲೇಬೇಕು. ಕಡಲೆ, ಬಟಾಣಿ, ಮಸೂರ ಆ ಪಟ್ಟಿಯಲ್ಲಿಲ್ಲ. ಅವುಗಳಿಗಾಗಿ ಪದಾರ್ಥಗಳ ಪಟ್ಟಿಯನ್ನೇ ಪೂರ್ತಿ ಓದಬೇಕು. ‘ಸಸ್ಯ ಪ್ರೋಟೀನ್’ ಎಂಬ ಪುಡಿ, ಪಾನೀಯಗಳಲ್ಲಿ ಹಲವು ಸಲ ಇರುವುದು ಬಟಾಣಿಯ ಪ್ರೋಟೀನ್, ಅದೂ ಸಾಂದ್ರವಾಗಿ.

ಎಣ್ಣೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಅಲರ್ಜಿ ತರುವುದು ಕೊಬ್ಬಲ್ಲ, ಪ್ರೋಟೀನ್. ಪೂರ್ತಿ ಶುದ್ಧೀಕರಿಸಿದ ರಿಫೈನ್ಡ್ ಎಣ್ಣೆಯಲ್ಲಿ ಅದು ಉಳಿದಿರುವುದಿಲ್ಲ ಎನ್ನಬಹುದು. 1997ರಲ್ಲಿ ಬ್ರಿಟನ್ನಿನಲ್ಲಿ ಶೇಂಗಾ ಅಲರ್ಜಿಯ 60 ಜನರಿಗೆ ಎರಡೂ ಬಗೆ ಕೊಟ್ಟು ನೋಡಿದಾಗ ರಿಫೈನ್ಡ್ ಎಣ್ಣೆಗೆ ಒಬ್ಬರಿಗೂ ತೊಂದರೆಯಾಗಲಿಲ್ಲ, ಶುದ್ಧೀಕರಿಸದ ಎಣ್ಣೆಗೆ 6 ಜನರಿಗೆ ಆಯಿತು. ಈಗ ಆರೋಗ್ಯಕ್ಕೆ ಒಳ್ಳೆಯದೆಂದು ಎಲ್ಲರೂ ಕೊಳ್ಳುವ ಗಾಣದ ಶೇಂಗಾ ಎಣ್ಣೆ ಈ ಎರಡನೆಯ ಗುಂಪಿನದು. ನಿಮ್ಮ ಮನೆಗೆ ಅದು ಬೇಡ. ಸೂರ್ಯಕಾಂತಿ, ಕುಸುಬೆ ಎಣ್ಣೆ ಬಳಸಿ.

ಪಾತ್ರೆ, ಕೈ, ಒರಳು ಸೋಪು ಹಾಕಿ ತೊಳೆಯಬೇಕು. ಬರೀ ನೀರಿಗೂ ಸ್ಯಾನಿಟೈಸರಿಗೂ ಶೇಂಗಾದ ಪ್ರೋಟೀನ್ ಪೂರ್ತಿ ಹೋಗುವುದಿಲ್ಲ. ಮಿಕ್ಸಿ ಜಾರಿನ ಮುಚ್ಚಳದ ರಬ್ಬರು ಬಿಚ್ಚಿ ತೊಳೆಯಿರಿ, ಪುಡಿ ಕೂರುವುದು ಅಲ್ಲೇ. ಹುರಿಯುವ ಘಮದಲ್ಲಿ ಪ್ರೋಟೀನ್ ಇರುವುದಿಲ್ಲ, ಅದಕ್ಕೆ ಹೆದರಬೇಕಿಲ್ಲ. ಸಿಪ್ಪೆ ಕೇರುವಾಗ ಏಳುವ ದೂಳಿನಲ್ಲಿ ಇರಬಹುದು, ಆ ಹೊತ್ತು ಮಗು ದೂರವಿರಲಿ.

ತುರ್ತಿನ ಸಿದ್ಧತೆಯನ್ನು ಈ ವಾರವೇ ಮಾಡಿಕೊಳ್ಳಿ. ಚರ್ಮದ ಗಂಧೆಯ ಜೊತೆ ಪದೇ ಪದೇ ವಾಂತಿ, ಇಲ್ಲವೇ ಉಸಿರಾಟದ ತೊಂದರೆ, ಇಲ್ಲವೇ ತಲೆಸುತ್ತು, ಹೀಗೆ ಎರಡು ಅಂಗಗಳು ಕೂಡಿದರೆ ಅದು ಅನಾಫಿಲಾಕ್ಸಿಸ್, ಪ್ರಾಣಕ್ಕೇ ಕುತ್ತು ತರಬಲ್ಲ ಅಲರ್ಜಿ. ಚಿಕ್ಕಿ ತಿಂದ ದಿನ ಆದದ್ದೂ ಅದೇ. ಅಂದು ಕೊಟ್ಟದ್ದು ಯಾವ ಇಂಜೆಕ್ಷನ್ ಎಂದು ಆಸ್ಪತ್ರೆಯ ಚೀಟಿ ನೋಡಿ. ಫೆನಿರಮೈನ್, ಹೈಡ್ರೊಕಾರ್ಟಿಸೋನ್ ಎಂದು ಮಾತ್ರ ಇದ್ದರೆ ಮೊದಲ ಔಷಧವೇ ತಪ್ಪಿತ್ತು. ಅನಾಫಿಲಾಕ್ಸಿಸ್‌ಗೆ ಮೊದಲ ಔಷಧ ಅಡ್ರಿನಲಿನ್. 1 ಮಿಲಿಲೀಟರಿನಲ್ಲಿ 1 ಮಿಲಿಗ್ರಾಂ ಇರುವ ಆಂಪ್ಯೂಲಿನಿಂದ ಪ್ರತಿ ಕೆಜಿಗೆ 0.01 ಮಿಲಿಗ್ರಾಂ. ನಿಮ್ಮ ಮಗನ 15 ಕೆಜಿಗೆ 0.15 ಮಿಲಿಲೀಟರ್, ತೊಡೆಯ ಹೊರಮಗ್ಗುಲಿನ ನಡುಭಾಗದ ಸ್ನಾಯುವಿಗೆ. ಐದು ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಮ್ಮೆ. ತನ್ನಷ್ಟಕ್ಕೆ ಚುಚ್ಚುವ ಪೆನ್ನು ಸಿಗದಿದ್ದರೆ ವೈದ್ಯರಿಂದ ಆಂಪ್ಯೂಲ್, 1 ಮಿಲಿಲೀಟರಿನ ಸಿರಿಂಜು, ಸರಿಯಾದ ಉದ್ದದ ಸೂಜಿ ಬರೆಸಿಕೊಂಡು ಅವರೆದುರೇ ಅಳೆಯುವುದನ್ನು ಕಲಿಯಿರಿ. ಇನ್ಸುಲಿನ್ ಸಿರಿಂಜು ಬೇಡ. ಅದರ ಸೂಜಿ ಗಿಡ್ಡ, ಗೆರೆಗಳು ಯೂನಿಟ್ ಲೆಕ್ಕದವು, ಗಾಬರಿಯಲ್ಲಿ ಅಳತೆ ತಪ್ಪುತ್ತದೆ. ತೂಕ ಹೆಚ್ಚಿದಂತೆ ಅಳತೆಯನ್ನೂ ವೈದ್ಯರಿಂದ ಬದಲಿಸಿಕೊಳ್ಳಿ.

ಚುಚ್ಚಿದ ಮೇಲೆ ಮಗುವನ್ನು ಎತ್ತಿ ನಿಲ್ಲಿಸಬೇಡಿ, ನಡೆಸಬೇಡಿ. ಅಂಗಾತ ಮಲಗಿಸಿ ಕಾಲು ಎತ್ತರಿಸಿ. ಉಸಿರು ಕಷ್ಟವಾದರೆ ಕುಳ್ಳಿರಿಸಿ, ವಾಂತಿಯಾಗುತ್ತಿದ್ದರೆ ಮಗ್ಗುಲಾಗಿಸಿ. 108ಕ್ಕೆ ಕರೆ ಮಾಡಿ. ಸುಧಾರಿಸಿದರೂ ಆಸ್ಪತ್ರೆಗೆ ಹೋಗಲೇಬೇಕು, ಕೆಲವು ಗಂಟೆಗಳ ಮೇಲೆ ಮತ್ತೆ ಮರುಕಳಿಸುವುದುಂಟು. ಸೆಟಿರಿಜಿನ್ ತುರಿಕೆ ಇಳಿಸುತ್ತದೆ, ಮುಚ್ಚಿಕೊಳ್ಳುತ್ತಿರುವ ಗಂಟಲನ್ನು ತೆರೆಯುವುದಿಲ್ಲ. ಅಂಗನವಾಡಿಯಲ್ಲಿ ಶೇಂಗಾ ಚಿಕ್ಕಿ, ಹುರಿದ ಶೇಂಗಾ ಕೊಡುವ ದಿನ ಯಾವುದೆಂದು ಕೇಳಿಕೊಳ್ಳಿ. ಔಷಧದ ಡಬ್ಬಿಯೂ ಒಂದು ಪುಟದ ಸೂಚನೆಯೂ ಅಲ್ಲಿರಲಿ.

ತೊಗರಿ, ಹೆಸರು ತಟ್ಟೆಗೆ ಮರಳಿದರೆ ಪೌಷ್ಟಿಕತೆಯ ಚಿಂತೆ ಹೆಚ್ಚಿಲ್ಲ. ಈ ವಯಸ್ಸಿಗೆ ದಿನಕ್ಕೆ ಬೇಕಾದದ್ದು ಸುಮಾರು 16 ಗ್ರಾಂ ಪ್ರೋಟೀನ್. 30 ಗ್ರಾಂ ಬೇಳೆಯಿಂದ 6–7 ಗ್ರಾಂ, ಎರಡು ಲೋಟ ಹಾಲು ಮೊಸರಿನಿಂದ 12 ಗ್ರಾಂ ಸಿಗುತ್ತದೆ. ಬೇಳೆ ಬಿಟ್ಟ ಮನೆಯಲ್ಲಿ ಕೊರತೆಯಾಗುವುದು ಲೈಸಿನ್ ಎಂಬ ಅಮೈನೋ ಆಮ್ಲ. ಜೋಳದ ರೊಟ್ಟಿ, ಅನ್ನದಲ್ಲಿ ಅದು ಕಡಿಮೆ. ರೊಟ್ಟಿಯ ಜೊತೆ ಬೇಳೆಪಲ್ಯ ಇಟ್ಟ ಹಿರಿಯರ ತಟ್ಟೆಯಲ್ಲಿ ಆ ಕೊರತೆ ತಾನಾಗಿ ತುಂಬುತ್ತಿತ್ತು.

ಮಗಳ ವಿಷಯ. ಮನೆಯಲ್ಲಿ ಒಬ್ಬರಿಗೆ ಆಗುವುದಿಲ್ಲವೆಂದು ಕೂಸಿಗೂ ತಪ್ಪಿಸುವುದು ಹಳೆಯ ಸಲಹೆ. 2015ರಲ್ಲಿ ಲಂಡನ್ನಿನಿಂದ ಬಂದ ಲೀಪ್ ಅಧ್ಯಯನ ಅದನ್ನು ತಲೆಕೆಳಗು ಮಾಡಿತು. ತೀವ್ರ ಇಸುಬು ಅಥವಾ ಮೊಟ್ಟೆಯ ಅಲರ್ಜಿ ಇದ್ದ, 4ರಿಂದ 11 ತಿಂಗಳ 640 ಕೂಸುಗಳಲ್ಲಿ ಅರ್ಧದಷ್ಟಕ್ಕೆ ಶೇಂಗಾ ತಿನ್ನಿಸಿ, ಉಳಿದವಕ್ಕೆ ತಪ್ಪಿಸಿ ಐದು ವರ್ಷದವರೆಗೆ ಗಮನಿಸಿದರು. ಆರಂಭದಲ್ಲಿ ಚರ್ಮ ಪರೀಕ್ಷೆ ನೆಗೆಟಿವ್ ಇದ್ದವರಲ್ಲಿ ತಪ್ಪಿಸಿದ ಗುಂಪಿನ ಶೇ 13.7 ಮಕ್ಕಳಿಗೆ ಅಲರ್ಜಿಯಾಯಿತು, ತಿಂದ ಗುಂಪಿನಲ್ಲಿ ಶೇ 1.9ಕ್ಕೆ ಮಾತ್ರ. ಬಿರಿದ ಚರ್ಮದ ಮೂಲಕ ಮೊದಲು ಒಳಹೊಕ್ಕ ಪ್ರೋಟೀನನ್ನು ದೇಹ ಶತ್ರುವೆಂದು ನೋಡುತ್ತದೆ, ಬಾಯಿಯ ಮೂಲಕ ಬಂದದ್ದನ್ನು ಊಟವೆಂದು ಒಪ್ಪಿಕೊಳ್ಳುತ್ತದೆ ಎಂಬುದು ಇದರ ಹಿಂದಿನ ತಿಳಿವಳಿಕೆ. ಹಾಗಾಗಿ ಮಗಳಿಗೆ ಇಸುಬು ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆ ಮಾಡಿಸಿ, ಮೈಗೆ ಶೇಂಗಾ ಎಣ್ಣೆ ಹಚ್ಚಬೇಡಿ.

ಇಸುಬು ತೀವ್ರವಾಗಿದ್ದರೆ ಅಥವಾ ಮೊಟ್ಟೆ ಆಗದಿದ್ದರೆ ಶೇಂಗಾ ಕೊಡುವ ಮುಂಚೆ ಪರೀಕ್ಷೆ ಆಗಲೇಬೇಕು. ಅದಿಲ್ಲದಿದ್ದರೆ, ಆರು ತಿಂಗಳಿಗೆ ಮೇಲಿನ ಆಹಾರ ಶುರುವಾಗಿ ರಾಗಿ ಸರಿ ಒಗ್ಗಿದ ಮೇಲೆ, ವೈದ್ಯರ ಒಪ್ಪಿಗೆಯಿಂದ ಕೊಡಿ. ಬೂಸ್ಟು ಹಿಡಿದ, ಸುಕ್ಕಿದ ಬೀಜ ಆರಿಸಿ ತೆಗೆದು, ಹುರಿದು, ಸಿಪ್ಪೆ ಕೇರಿ, ನುಣ್ಣಗೆ ಪುಡಿ ಮಾಡಿ ತೆಳ್ಳನೆಯ ಸರಿಗೆ ಕಲಸಬೇಕು. ಗಟ್ಟಿ ಮುದ್ದೆಯೂ ಇಡೀ ಬೀಜವೂ ಕೂಸಿನ ಉಸಿರುನಾಳಕ್ಕೆ ಸಿಕ್ಕಿಕೊಳ್ಳುತ್ತವೆ. ಇಡೀ ಬೀಜವನ್ನು ನಾಲ್ಕೈದು ವರ್ಷದವರೆಗೆ ಯಾವ ಮಗುವಿಗೂ ಕೊಡಬಾರದು. ಮೊದಲ ದಿನ ಚಮಚೆಯ ತುದಿಯಷ್ಟು ಕೊಟ್ಟು ಹತ್ತು ನಿಮಿಷ ಕಾದು, ಏನೂ ಆಗದಿದ್ದರೆ ಉಳಿದದ್ದನ್ನು ನಿಧಾನವಾಗಿ ತಿನ್ನಿಸಿ ಎರಡು ಗಂಟೆ ಗಮನಿಸಿ. ಒಗ್ಗಿದ ಮೇಲೆ ಒಂದು ಸಲಕ್ಕೆ ಸುಮಾರು 8 ಗ್ರಾಂ ಪುಡಿ, ಎಂದರೆ ಎರಡೂವರೆ ಟೀ ಚಮಚೆ, ವಾರಕ್ಕೆ ಮೂರು ಸಲ. ಲೀಪ್‌ನಲ್ಲಿ ಕೊಟ್ಟ ವಾರಕ್ಕೆ 6 ಗ್ರಾಂ ಪ್ರೋಟೀನಿನ ಲೆಕ್ಕ ಇದೇ. ಶುರುಮಾಡಿ ನಡುವೆ ಬಿಟ್ಟುಬಿಡಬಾರದು. ಅಣ್ಣ ಅಂಗನವಾಡಿಗೆ ಹೋದ ಹೊತ್ತಿನಲ್ಲಿ, ಬೇರೆ ಬಟ್ಟಲು ಚಮಚೆಯಲ್ಲಿ ತಿನ್ನಿಸಿ, ಕೂಸಿನ ಬಾಯಿ ಕೈಗಳನ್ನೂ ನಿಮ್ಮ ಕೈಯನ್ನೂ ಸೋಪು ಹಚ್ಚಿ ತೊಳೆದುಬಿಡಿ. ಪುಡಿಯ ಡಬ್ಬಿ ಅವನ ಕೈಗೆಟುಕದ ಮೇಲಿನ ಹಲಗೆಯಲ್ಲಿರಲಿ.

ಮಗನ ಶೇಂಗಾ ಅಲರ್ಜಿ ಬೆಳೆಯುತ್ತಾ ಹೋಗಿಬಿಡುವ ಸಂಭವ ಐದರಲ್ಲಿ ಒಂದು ಪಾಲು. ವರ್ಷಕ್ಕೊಮ್ಮೆ ಐಜಿಇ ನೋಡಿಸಿ. ಅಂಕಿ ಇಳಿಯುತ್ತಾ ಬಂದರೆ ಆಸ್ಪತ್ರೆಯಲ್ಲಿ ತಿನ್ನಿಸಿ ನೋಡುವ ಕಾಲ ಬಂದಿದೆಯೇ ಎಂದು ತಜ್ಞರು ಹೇಳುತ್ತಾರೆ. ದಿನಾ ಚೂರುಚೂರು ಕೊಟ್ಟು ಒಗ್ಗಿಸುವ ಚಿಕಿತ್ಸೆ ಇದೆ. ಅಮೆರಿಕದಲ್ಲಿ ಶೇಂಗಾ ಪುಡಿಯನ್ನೇ ಅಳೆದು ತುಂಬಿದ ಔಷಧಕ್ಕೆ 2020ರಲ್ಲಿ ಒಪ್ಪಿಗೆ ಸಿಕ್ಕಿತು. ಅದರ ಮೊದಲ ದಿನದ ಅಳತೆ ಅರ್ಧ ಮಿಲಿಗ್ರಾಂ ಪ್ರೋಟೀನಿನಿಂದ ಶುರುವಾಗುತ್ತದೆ. ಒಂದು ದಪ್ಪ ಶೇಂಗಾ ಬೀಜದಲ್ಲಿರುವುದು ಅದರ 500 ಪಟ್ಟು. ಮನೆಯಲ್ಲಿ ಚಿಟಿಕೆ ಲೆಕ್ಕದಲ್ಲಿ ಅದನ್ನು ಯಾರೂ ಪ್ರಯತ್ನಿಸಬಾರದು, ಅಜ್ಜಿ ಎಷ್ಟೇ ಒತ್ತಾಯಿಸಿದರೂ.